ಚೆಲ್ಲಣ್ಣನ ಬಾಣವೂ ಮಾವನ ಗೆರೆಯೂ

ಸಿಟಿ ಬಸ್ಸುಗಳಲ್ಲಿ ಜನ ಮರೆತು ಇಳಿದುಹೋಗುವ ಸಾಮಾನುಗಳನ್ನೆಲ್ಲ ತಂದು ಜೋಪಾನ ಮಾಡುವ ಕಚೇರಿಯಲ್ಲಿ ಚೆಲ್ಲಣ್ಣ ಗುಮಾಸ್ತನಾಗಿದ್ದ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕೆಲಸಕ್ಕೆ ಸೇರಿದ ದಿನ ಸ್ವಾಗತಕ್ಕೆಂದು ಕೊಟ್ಟ ಚಹಾವನ್ನು ಅವನು ಹೆಡ್ ಕ್ಲರ್ಕರ ಮಡಿಲಿಗೆ ಸಮರ್ಪಿಸಿದ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ನೀರು, ಮಸಿ, ಗುಂಡುಸೂಜಿ, ಯಾರೋ ಬಸ್ಸಿನಲ್ಲಿ ಬಿಟ್ಟುಹೋಗಿದ್ದ ಒಂದು ಡಬ್ಬಿ ಗೋಲಿ, ಹೀಗೆ ಅವನ ಕೈಗೆ ಬಂದದ್ದು ಯಾವುದೂ ನೆಲ ಕಾಣದೆ ಹೋದದ್ದಿಲ್ಲ. ಗೋಲಿಗಳಂತೂ ಮಹಡಿಯಿಂದ ಹೊರಟು, ಒಂದೊಂದೇ ಮೆಟ್ಟಿಲಿಳಿದು, ನಿರ್ದೇಶಕಿಯವರ ಕೋಣೆಯ ಬಾಗಿಲಿನವರೆಗೂ ಹೋಗಿ ಮುಟ್ಟಿದವು. ಆ ಕಚೇರಿಯ ಯಾವ ಕಡತವೂ ಅಷ್ಟು ಬೇಗ ಅಲ್ಲಿಗೆ ಮುಟ್ಟಿದ ದಾಖಲೆಯಿಲ್ಲ.

ಮನೆಯಲ್ಲೂ ಈ ಕೀರ್ತಿಗೆ ಕೊರತೆಯಿರಲಿಲ್ಲ. ಎಲ್ಲರಿಗೂ ಪಿಂಗಾಣಿ ಕಪ್ಪು, ಅವನಿಗೆ ಪ್ಲಾಸ್ಟಿಕ್ಕಿನದು. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ಮಾವನ ವಿಷಯದಲ್ಲಿ.

ಮಾವ ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದರು. ಬೋರ್ಡ್ ಬರೆಯುವುದು ಅವರ ಕಸುಬು. ಊರಿನ ಅರ್ಧ ಅಂಗಡಿಗಳ ಹೆಸರು ಅವರ ಬ್ರಷ್ಷಿನಿಂದ ಇಳಿದದ್ದೇ. ಮನುಷ್ಯರನ್ನು ಅಳೆಯುವುದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಅಳತೆಗೋಲು: ಕೈ. ಡಾಕ್ಟರರ ಬಳಿ ಹೋದರೆ ಔಷಧಿಯ ಗುಣ ಕೇಳುತ್ತಿರಲಿಲ್ಲ, ಚೀಟಿಯ ಅಕ್ಷರ ನೋಡಿ ಎದ್ದು ಬರುತ್ತಿದ್ದರು. ಮಗಳು ಚೆಲ್ಲಣ್ಣನನ್ನೇ ಮದುವೆಯಾಗುತ್ತೇನೆಂದು ಕರೆದುಕೊಂಡು ಬಂದಾಗ ಕುಲ, ಸಂಬಳ ಏನನ್ನೂ ವಿಚಾರಿಸದೆ, ಕೈಗೆ ಒಂದು ಬ್ರಷ್ ಕೊಟ್ಟು ಹಲಗೆ ತೋರಿಸಿ, "ಒಂದು ಗೆರೆ ಎಳಿ ನೋಡೋಣ" ಅಂದಿದ್ದರು. ಗೆರೆ ಹೊರಟಿತು. ಸ್ವಲ್ಪ ದೂರ ಹೋಗಿ ಅನುಮಾನಪಟ್ಟಿತು. ಹಿಂದೆ ತಿರುಗಿ ನೋಡಿತು. ಆಮೇಲೆ ಏನೋ ನೆನಪಾದಂತೆ ಹಲಗೆಯಿಂದ ಕೆಳಗಿಳಿದು ಮಾವನ ಅಂಗಿಯ ತೋಳನ್ನು ಹತ್ತಿತು.

"ಹುಡುಗ ಒಳ್ಳೆಯವನು," ಎಂದು ಮಾವ ಮಗಳಿಗೆ ಹೇಳಿದರು. "ಕೈ ಇಲ್ಲ."

ಮದುವೆಯೇನೋ ಆಯಿತು. ಆದರೆ ಅಂದಿನಿಂದ ಮಾವ ಅಳಿಯನೊಡನೆ ನೇರವಾಗಿ ಮಾತಾಡಿದ್ದೇ ಇಲ್ಲ. "ನಿಮ್ಮವರಿಗೆ ಹೇಳು, ಗೇಟು ಹಾಕ್ಕೊಂಡು ಬರ್ಲಿ ಅಂತ" ಎಂದು ಮಗಳ ಮೂಲಕವೇ ಎಲ್ಲ ವ್ಯವಹಾರ. ಅವರು ಬೋರ್ಡ್ ಬರೆಯುವ ಬಣ್ಣದ ಕೋಣೆಯ ಹೊಸ್ತಿಲು ದಾಟುವ ಅಧಿಕಾರವಂತೂ ಅಳಿಯನಿಗೆ ಇರಲೇ ಇಲ್ಲ. ಒಂದೇ ಒಂದು ಸಲ ಆ ಮುದುಕರು ತನ್ನನ್ನು ‘ಅಳಿಯಂದಿರೇ’ ಎಂದು ಕರೆಯಬೇಕು ಎಂಬುದು ಚೆಲ್ಲಣ್ಣನ ಆಸೆ. ಈ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ; ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಸಿಕ್ಕಿದ ಕೊಡೆ, ಚೀಲ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು ಎಲ್ಲವನ್ನೂ ಇನ್ನು ಮುಂದೆ ಕಂಪ್ಯೂಟರಿಗೆ ಹತ್ತಿಸಬೇಕು. ನಿರ್ದೇಶಕಿ ಮೇಡಂ ಎಲ್ಲರನ್ನೂ ಕರೆದು ಹೇಳಿದರು: "ಎಲ್ಲ ಡಿಪೋಗಳಿಗೂ ಒಂದು ವಿಡಿಯೋ ಕಳಿಸಬೇಕು. ಒಂದು ಕಪ್ಪು ಕೊಡೆ ಸಿಕ್ಕಿದೆ ಅಂದ್ಕೊಳ್ಳಿ. ಅದನ್ನ ಹೇಗೆ ಹತ್ತಿಸೋದು ಅಂತ ಪರದೆ ಮೇಲೇ ತೋರಿಸಬೇಕು. ಮೌಸಿನ ಬಾಣ ಎಲ್ಲಿಗೆ ಹೋಗುತ್ತೆ, ಎಲ್ಲಿ ಒತ್ತಬೇಕು, ನೋಡೋರಿಗೆ ಸ್ಪಷ್ಟವಾಗಿ ಕಾಣಬೇಕು. ಯಾರು ಮಾಡ್ತೀರಿ, ಎದ್ದು ನಿಂತ್ಕೊಳ್ಳಿ."

ಹೆಡ್ ಕ್ಲರ್ಕರಿಗೆ ಆ ಕ್ಷಣದಲ್ಲೇ ಕತ್ತುನೋವು ಬಂತು. ಟೈಪಿಸ್ಟಮ್ಮನಿಗೆ ಫೋನು ಬಂತು, ಅಂದರೆ ಬಂದಂತೆ ಮಾತಾಡಲು ತೊಡಗಿದರು. ತಾನು ಚೆಲ್ಲಿದ ಗುಂಡುಸೂಜಿಗಳನ್ನು ಮೇಜಿನ ಕೆಳಗೆ ಕೂತು ಹೆಕ್ಕುತ್ತಿದ್ದ ಚೆಲ್ಲಣ್ಣ ಇದ್ಯಾವುದನ್ನೂ ಕೇಳಿಸಿಕೊಳ್ಳದೆ, ಹೆಕ್ಕಿ ಮುಗಿಸಿ ಎದ್ದು ನಿಂತ. ನೋಡುತ್ತಾನೆ, ಎಲ್ಲರೂ ಕೂತಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ.

ಮೊದಲ ವಿಡಿಯೋ ಬಗ್ಗೆ ಹೆಚ್ಚು ಹೇಳುವುದು ಅವನ ಮನೆಯವರಿಗೆ ನೋವಾಗುವ ಸಂಗತಿ. ಬಾಣ ‘ಕೊಡೆ’ ಎಂಬಲ್ಲಿಗೆ ಹೊರಟು ‘ಊರುಗೋಲು’ ಎಂಬಲ್ಲಿ ತಂಗಿತು. ನಾಚಿಕೊಂಡು ಮೇಲೆ ಹಾರಿತು. ಪರದೆಯ ಮೂಲೆಯಲ್ಲಿ ಗಿರಗಿರನೆ ಸುತ್ತಿತು. ಒತ್ತಬೇಕಾದ ಗುಂಡಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗುರಿ ತಪ್ಪಿ, ಕೊನೆಗೆ ಒತ್ತಿದಾಗ ಕೊಡೆ ಹೋಗಿ ಹಲ್ಲಿನ ಸೆಟ್ಟಾಗಿತ್ತು.

"ಏನ್ರೀ ಚೆಲ್ಲಣ್ಣ, ಪರದೆ ಮೇಲೆ ನೊಣ ಬಿಟ್ಟಿದ್ದೀರಾ?" ಎಂದರು ಹೆಡ್ ಕ್ಲರ್ಕ್, ನೋಯುತ್ತಿದ್ದ ಕತ್ತನ್ನು ಸಲೀಸಾಗಿ ತಿರುಗಿಸುತ್ತ.

"ನಂಗೆ ತಲೆ ಸುತ್ತು ಬಂತಪ್ಪ," ಎಂದರು ಟೈಪಿಸ್ಟಮ್ಮ. "ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತಂಗಾಯ್ತು."

ಚೆಲ್ಲಣ್ಣ ಮತ್ತೆ ಮಾಡಿದ, ಮತ್ತೂ ಮಾಡಿದ. ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಮಾಡಿದ, ಉಸಿರು ಕಟ್ಟಿ ಮಾಡಿದ. ಉಸಿರು ಕಟ್ಟಿದಾಗ ಬಾಣ ನೆಟ್ಟಗೆ ಹೋದದ್ದು ನಿಜ, ಆದರೆ ಕೆಮ್ಮು ಬಂದಾಗ ಪರದೆಯಿಂದಾಚೆಗೇ ಹೊರಟುಹೋಯಿತು. ಕೊನೆಗೆ ಸಾಕಾಗಿ ಚಹಾ ತರಿಸಿಕೊಂಡ. ಚಹಾ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಕರವಸ್ತ್ರ ತೆಗೆದು ಮೇಜು, ಕೀಲಿಮಣೆ, ಮೌಸು ಎಲ್ಲವನ್ನೂ ಗಡಿಬಿಡಿಯಲ್ಲಿ ಒರೆಸಿದ. ಒರೆಸುವ ಭರಾಟೆಗೆ ಬಾಣ ಎತ್ತೆತ್ತಲೋ ಓಡಿ, ಏನೇನೋ ತೆರೆದು, ಏನೇನೋ ಒತ್ತಿ, ಮುಚ್ಚಿತು. ಇನ್ನು ಒಂದೇ ಒಂದು ಸಲ ಎಂದುಕೊಂಡು ರೆಕಾರ್ಡ್ ಮಾಡಿ, ಹೇಗಿದೆಯೆಂದು ನೋಡುವ ಧೈರ್ಯವಿಲ್ಲದೆ ಹಾಗೆಯೇ ಮೇಡಂಗೆ ಕಳಿಸಿ, ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಬಂದಾಗ ಕಚೇರಿ ನಿಶ್ಶಬ್ದವಾಗಿತ್ತು. ಎಲ್ಲರೂ ಮೇಡಂ ಕೋಣೆಯಲ್ಲಿ ಪರದೆಯ ಮುಂದೆ ನಿಂತಿದ್ದರು. ಚೆಲ್ಲಣ್ಣನೂ ಹಿಂದೆ ನಿಂತು ಇಣುಕಿದ. ಪರದೆಯ ಮೇಲೆ ಬಾಣ ತೇಲುತ್ತಿತ್ತು. ಕೆರೆಯಲ್ಲಿ ಹಂಸ ಹೊರಟಂತೆ, ಯಾರ ಹಂಗೂ ಇಲ್ಲದೆ, ಆತುರವೂ ಇಲ್ಲದೆ. ‘ವಸ್ತುವಿನ ಬಗೆ’ಯ ಮುಂದೆ ಬಂದು ತಲೆಬಾಗಿದಂತೆ ನಿಂತಿತು. ‘ಕೊಡೆ’ಯ ಮೇಲೆ ಇಳಿಯಿತು. ಅಲ್ಲಿಂದ ಮೆಲ್ಲನೆ ಬಾಗಿ ಬಣ್ಣಗಳ ಸಾಲಿಗೆ ಬಂದು, ಕೆಂಪನ್ನೂ ಹಸಿರನ್ನೂ ಮರ್ಯಾದೆಯಿಂದ ದಾಟಿ, ‘ಕಪ್ಪು’ ಎಂಬಲ್ಲಿ ಹೂವಿನ ಮೇಲೆ ಚಿಟ್ಟೆ ಕೂತಂತೆ ಕೂತಿತು.

ಯಾರೋ ನಿಟ್ಟುಸಿರು ಬಿಟ್ಟರು. ಅದು ಹೆಡ್ ಕ್ಲರ್ಕ್ ಎಂದು ಆಮೇಲೆ ಗೊತ್ತಾಯಿತು.

"ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದೀನಿ," ಎಂದರು ಮೇಡಂ. "ಒಂದು ಕೊಡೆಯನ್ನ ಇಷ್ಟು ಗೌರವದಿಂದ ನಡೆಸಿಕೊಂಡದ್ದನ್ನ ನಾನು ನೋಡಿರಲಿಲ್ಲ." ಆಮೇಲೆ ತಿರುಗಿ, ಚೆಲ್ಲಣ್ಣನ ಬಲಗೈಯನ್ನು ನೋಡಿದರು. ಎಲ್ಲರೂ ನೋಡಿದರು. ಕೊನೆಗೆ ಚೆಲ್ಲಣ್ಣನೂ ನೋಡಿಕೊಂಡ.

ಇಲ್ಲಿ ಅವನದೇನಾದರೂ ತಪ್ಪಿದ್ದರೆ ಅದು ಇಷ್ಟೇ: ಅವನು ನಂಬಿದ. ಇಷ್ಟು ದಿನ ತಾನೇ ಗುರುತಿಸದೆ ಹೋದ ಒಂದು ಪ್ರತಿಭೆ ತೋಳಿನ ತುದಿಯಲ್ಲಿ ಅಡಗಿ ಕೂತಿತ್ತೆಂದು ಅವನಿಗೂ ಅನ್ನಿಸಿತು. ಅಂದು ಸಂಜೆ ಮಾರುಕಟ್ಟೆಯಲ್ಲಿ ಹೆಂಡತಿ ತರಕಾರಿ ಚೀಲ ಚಾಚಿದಾಗ ಅವನು ಎಡಗೈ ಮುಂದೆ ಮಾಡಿದ.

"ಬಲಗೈಗೆ ಏನಾಯ್ತು ನಿಮಗೆ?"

"ಅದು ಕಚೇರಿ ಕೈ ಕಣೇ. ಭಾರ ಎತ್ತಬಾರದು."

ಎಡಗೈಯಿಂದ ಟೊಮೇಟೊ ರಸ್ತೆಗೆ ಉರುಳಿದವು. "ನೋಡಿದ್ಯಾ," ಎಂದ ಚೆಲ್ಲಣ್ಣ ತೃಪ್ತಿಯಿಂದ, "ಬರೀ ಎಡಗೈ ಇರೋರು ಹೇಗೆ ಬದುಕ್ತಾರೋ."

ವಿಡಿಯೋ ಡಿಪೋಗಳಿಗೆ ಹೋಯಿತು, ಡಿಪೋದವರಿಂದ ಅವರ ಹೆಂಡಿರು ಮಕ್ಕಳಿಗೆ ಹೋಯಿತು. ಕಳೆದುಕೊಳ್ಳಲು ಕೊಡೆಯೇ ಇಲ್ಲದವರೂ ನೋಡಿದರು. ಎದುರುಮನೆಯ ಟೀಚರಮ್ಮ ಮೊದಲು ಸೂಜಿಗೆ ದಾರ ಪೋಣಿಸಿಕೊಡಲು ಕೇಳಿದರು. ಅದು ಸಣ್ಣ ಕೆಲಸವಾದ್ದರಿಂದ ತನ್ನ ಕೈ ಒಪ್ಪುವುದಿಲ್ಲವೆಂದು ಚೆಲ್ಲಣ್ಣ ತಪ್ಪಿಸಿಕೊಂಡ. ಆಮೇಲೆ ಅವರು ತಮ್ಮ ಬೆಕ್ಕನ್ನೇ ಎತ್ತಿಕೊಂಡು ಬಂದರು.

"ಇದರ ಉಗುರು ಕತ್ತರಿಸಿಕೊಡಿ ಸಾರ್. ಡಾಕ್ಟ್ರು ಮುಟ್ಟೋಕೆ ಹೆದರ್ತಾರೆ. ನಿಮ್ಮ ಕೈಗಾದ್ರೆ ಇದು ಸುಮ್ಮನಿರುತ್ತೆ."

ಬೆಕ್ಕು ಆ ವಿಡಿಯೋ ನೋಡಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಅದು ತನ್ನ ಅಭಿಪ್ರಾಯ ಬರೆಯಿತು. ಚೆಲ್ಲಣ್ಣ ಭಯಕ್ಕೆ ಮರಗಟ್ಟಿ ನಿಂತಿದ್ದ. ಟೀಚರಮ್ಮ ಮಾತ್ರ ಬೀದಿಗೆಲ್ಲ ಸಾರಿ ಬಂದರು: "ಬೆಕ್ಕು ಅಷ್ಟು ಪರಚಿದ್ರೂ ಆ ಕೈ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ ಕಣ್ರೀ! ನಾನು ಕಣ್ಣಾರೆ ಕಂಡೆ. ಮೈ ಜುಂ ಅಂತು!"

ಈ ಮಾತು ಕೆಳಗಿನ ಅಂತಸ್ತಿಗೂ ಹೋಯಿತು. ಒಂದು ಸಂಜೆ ಮಗಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮುದುಕರು ಕನ್ನಡಕ ಏರಿಸಿ ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇನ್ನೊಂದ್ಸಲ ಹಾಕು."

ಮತ್ತೆ ನೋಡಿದರು. ಬಾಣ ಬಾಗುವ ಕಡೆಯೆಲ್ಲ ಅವರ ಕತ್ತೂ ಬಾಗಿತು.

"ಯಾರದಮ್ಮ ಈ ಕೈ?"

"ನಿಮ್ಮ ಅಳಿಯಂದೇ ಅಪ್ಪ."

ಮುದುಕರು ಬಾಗಿಲ ಬಳಿ ನಿಂತಿದ್ದ ಚೆಲ್ಲಣ್ಣನನ್ನು, ಆಗ ತಾನೇ ಬಂದ ನೆಂಟನನ್ನು ನೋಡುವಂತೆ ನೋಡಿದರು. ಕುರ್ಚಿಯಿಂದ ಅರ್ಧ ಎದ್ದರು. "ಬನ್ನಿ ಅಳಿಯಂದಿರೇ," ಎಂದರು, "ಒಳಗೆ ಬನ್ನಿ." ಮಗಳು ಒಳಗೆ ಓಡಿ ಪಿಂಗಾಣಿ ಕಪ್ಪಿನಲ್ಲಿ ಚಹಾ ತಂದಳು. ಚೆಲ್ಲಣ್ಣ ಎರಡೂ ಕೈಯಿಂದ ಕಪ್ಪನ್ನು ಹಿಡಿದು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದ. ನಾಲಿಗೆ ಸುಟ್ಟಿತು, ಚಹಾ ಚೆಲ್ಲಲಿಲ್ಲ.

ಒಳಗೆ ಎಂದರೆ ಬಣ್ಣದ ಕೋಣೆ. ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿದ ಹಲಗೆಗಳು, ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತ ಬ್ರಷ್ಷುಗಳು. ಹೊರಗಿನಿಂದ ಕಂಡಿದ್ದೆಲ್ಲ ಒಳಗಿನಿಂದ ದೊಡ್ಡದಾಗಿ ಕಂಡಿತು. ಮಾವ ಬಾಗಿಲು ಹಾಕಿದರು. ಆಮೇಲೆ ತಮ್ಮ ಬಲಗೈಯನ್ನು ಜೇಬಿನಿಂದ ತೆಗೆದು ದೀಪದ ಕೆಳಗೆ ಹಿಡಿದರು. ಅದು ನಡುಗುತ್ತಿತ್ತು. ಗಾಳಿಯಿಲ್ಲದ ಕೋಣೆಯಲ್ಲಿ ಎಲೆ ಅಲುಗಿದಂತೆ.

"ಎಷ್ಟೋ ದಿನದಿಂದ ಹೀಗೆ," ಎಂದರು. "ನಿಮ್ಮ ಹೆಂಡತಿಗೂ ಗೊತ್ತಿಲ್ಲ. ನಿಮ್ಮ ಕಚೇರಿಯ ಹೊಸ ಕೌಂಟರಿನ ಗಾಜಿನ ಮೇಲೆ ಬರೀತಿದ್ದೀನಲ್ಲ, ‘ಕಳೆದುಹೋದ ವಸ್ತುಗಳು ಇಲ್ಲಿ ಸಿಗುತ್ತವೆ’ ಅಂತ, ಚಿನ್ನದ ಬಣ್ಣದಲ್ಲಿ? ಅದೇ ನನ್ನ ಕೊನೇ ಬೋರ್ಡು. ಅಕ್ಷರ ಎಲ್ಲ ಮುಗೀತು. ಅಕ್ಷರ ಸಣ್ಣದು, ನಡುಕದ ಸಂದಿಯಲ್ಲಿ ಕದ್ದು ಬರೀಬಹುದು. ಅದರ ಕೆಳಗೆ ಉದ್ದಕ್ಕೆ ಒಂದು ಗೆರೆ ಬಾಕಿ. ಗೆರೆ ಹಾಗಲ್ಲ. ಒಂದೇ ಉಸಿರಲ್ಲಿ ಹೋಗ್ಬೇಕು. ಅದು ಕೆಟ್ಟರೆ ಊರೆಲ್ಲ ಹೇಳುತ್ತೆ, ಮುದುಕನ ಕೈ ಹೋಯ್ತು ಅಂತ. ಹೋಗಿರೋದು ನಿಜ. ಹೇಳೋದು ಬೇಡ." ಕೈ ಮತ್ತೆ ಜೇಬಿಗಿಳಿಸಿದರು. "ನೀವು ಎಳೀಬೇಕು ಅಳಿಯಂದಿರೇ."

ಎರಡು ಸಲ ‘ಅಳಿಯಂದಿರೇ’ ಅನ್ನಿಸಿಕೊಂಡ ಮನುಷ್ಯ ಆ ಹೊತ್ತಿನಲ್ಲಿ ಬೆಟ್ಟ ಹೊತ್ತು ತರುತ್ತೇನೆಂದರೂ ಆಶ್ಚರ್ಯವಿಲ್ಲ. "ಅದೇನ್ ಮಾವ, ಒಂದು ಗೆರೆ ತಾನೇ," ಎಂದ ಚೆಲ್ಲಣ್ಣ.

ಮರುದಿನ ಮಾವ ಹೋಗಿ, ಗೆರೆ ಅಳಿಯ ಎಳೆಯುತ್ತಾನೆಂದಷ್ಟೇ ಮೇಡಂಗೆ ತಿಳಿಸಿದರು. ಮೇಡಂ ಎಲ್ಲರಿಗೂ ಸುತ್ತೋಲೆ ಹೊರಡಿಸಿದರು: ನಾಳೆ ಬೆಳಿಗ್ಗೆ ಹೊಸ ಕೌಂಟರಿನ ಗಾಜಿನ ಮೇಲೆ ಗೆರೆ ಎಳೆಯಲಾಗುವುದು, ಸಿಬ್ಬಂದಿಯೆಲ್ಲ ಹಾಜರಿದ್ದು ಏಕಾಗ್ರತೆ ಎಂದರೇನೆಂದು ನೋಡಿ ಕಲಿಯತಕ್ಕದ್ದು, ಗೆರೆ ಎಳೆಯುವಾಗ ಯಾರೂ ಸೀನತಕ್ಕದ್ದಲ್ಲ. ಟೀಚರಮ್ಮ ಶಾಲೆಗೆ ರಜೆ ಹಾಕಿದರು. ಹೆಡ್ ಕ್ಲರ್ಕ್ ಇನ್ನೂ ಮುಂದೆ ಹೋಗಿ, ಚೆಲ್ಲಣ್ಣ ಕುಡಿಯಲೆಂದು ಎತ್ತಿದ ನೀರಿನ ಲೋಟವನ್ನು ಕಸಿದು ತಾವೇ ಕುಡಿಸಿದರು. "ನಾಳೆವರೆಗೂ ಆ ಕೈಗೆ ಕೆಲಸ ಕೊಡಬೇಡ್ರೀ. ನಾನಿದ್ದೀನಿ." ನೀರು ಅವರೂ ಚೆಲ್ಲಿದರು ಎಂಬುದು ಬೇರೆ ಮಾತು.

ಆ ದಿನ ಮಧ್ಯಾಹ್ನ ಮೇಡಂ ಎರಡನೆಯ ವಿಡಿಯೋ ಕೇಳಿದರು: ಕೊಡೆಯನ್ನು ಒಡೆಯನಿಗೆ ಹಿಂತಿರುಗಿಸುವುದು ಹೇಗೆ. ಚೆಲ್ಲಣ್ಣನ ಮೇಜಿನ ಮುಂದೆ ಯಾರೋ ಮರೆತುಹೋದ ಒಂದು ದೊಡ್ಡ ತಂಬೂರಿಯನ್ನು ತಂದಿಟ್ಟಿದ್ದರಿಂದ, ಅವನು ಟೈಪಿಸ್ಟಮ್ಮನ ಕಂಪ್ಯೂಟರಿನ ಮುಂದೆ ಕೂತ. ಕೂತು, ಕಾಲಮೇಲೆ ಕಾಲು ಹಾಕಿ, ದೊಡ್ಡ ಗಾಯಕರು ಶ್ರುತಿ ಹಿಡಿಯುವ ಗತ್ತಿನಲ್ಲಿ ಮೌಸು ಹಿಡಿದು ರೆಕಾರ್ಡ್ ಮಾಡಿ, ತಿರುಗಿಸಿ ನೋಡಿದ.

ನೊಣ ವಾಪಸ್ಸು ಬಂದಿತ್ತು.

ಚೆಲ್ಲಣ್ಣ ಕೈ ತೊಳೆದುಕೊಂಡು ಬಂದು ಮಾಡಿದ, ನೊಣ. ಬಿಸಿನೀರಿನಲ್ಲಿ ಅದ್ದಿ ಬಂದು ಮಾಡಿದ, ಬಿಸಿಯಾದ ನೊಣ. ಎಲ್ಲಿ ಹೋಯಿತು ಆ ಕೈ? ಊಟದ ಹೊತ್ತಿನವರೆಗೂ ಇತ್ತಲ್ಲ? ಬಸ್ಸಿನಲ್ಲೇನಾದರೂ ಬಿಟ್ಟು ಬಂದೆನೇ ಎಂದು ಕೂಡ ಒಂದು ಕ್ಷಣ ಯೋಚಿಸಿದ. ‘ವಸ್ತುವಿನ ಬಗೆ’ಯಲ್ಲಿ ಬಲಗೈ ಇದೆಯೇ ಎಂದು ಸುಮ್ಮನೆ ಹುಡುಕಿಯೂ ನೋಡಿದ. ಇರಲಿಲ್ಲ.

ತಂಬೂರಿಯನ್ನು ಸರಿಸಿ ತನ್ನ ಜಾಗಕ್ಕೇ ಹೋಗಿ ಮಾಡಿದ. ಹಂಸ!

ಮತ್ತೆ ಟೈಪಿಸ್ಟಮ್ಮನ ಜಾಗ: ನೊಣ. ಹಾಗೆ ಅಲ್ಲಿಂದಿಲ್ಲಿಗೆ ಓಡಾಡುತ್ತ, ಎರಡು ಪರದೆಗಳನ್ನೂ ಹೋಲಿಸುತ್ತ, ಕೊನೆಗೆ ರೆಕಾರ್ಡ್ ಮಾಡುವ ಸಾಫ್ಟ್‌ವೇರಿನ ಒಳಮೂಲೆಯಲ್ಲಿ ಎಳ್ಳುಕಾಳಿನಷ್ಟು ಒಂದು ಚೌಕ ಕಂಡ. ಅದರ ಪಕ್ಕದಲ್ಲಿ ‘ಬಾಣದ ನಯವಾದ ಚಲನೆ’ ಎಂದಿತ್ತು. ಟೈಪಿಸ್ಟಮ್ಮನ ಕಂಪ್ಯೂಟರಿನಲ್ಲಿ ಚೌಕ ಖಾಲಿ; ತನ್ನದರಲ್ಲಿ ಒಂದು ಟಿಕ್. ಟಿಕ್ ತೆಗೆದ: ನೊಣ. ಹಾಕಿದ: ಹಂಸ. ಅಂದು ಚಹಾ ಒರೆಸುವಾಗ ತನ್ನ ಕರವಸ್ತ್ರ ಮಾಡಿದ ಕೆಲಸ ಅದು. ಅಷ್ಟು ದಿನ ಊರೆಲ್ಲ ಕೈ ಮುಗಿದದ್ದು ಒಂದು ಟಿಕ್ಕಿಗೆ.

ಅವನಿಗೆ ಸಿಟ್ಟು ಬರಲಿಲ್ಲ. ಒಂದು ಬಗೆಯ ಭಕ್ತಿಯೇ ಬಂತು. ಎಂಥ ಟಿಕ್ಕು! ಬಳುಕುವುದನ್ನು, ತೊದಲುವುದನ್ನು, ದಾರಿ ತಪ್ಪುವುದನ್ನು ಎಲ್ಲ ಮುಚ್ಚಿಟ್ಟು ತನ್ನಂಥವನನ್ನೂ ಮನುಷ್ಯನನ್ನಾಗಿ ಮಾಡಿತಲ್ಲ! ಆಮೇಲೆ ನಾಳೆ ಬೆಳಿಗ್ಗೆಯ ಗಾಜು ನೆನಪಾಯಿತು. ಗಾಜಿನಲ್ಲಿ ಚೌಕ ಇರುವುದಿಲ್ಲ. ಟಿಕ್ ಹಾಕಲು ಎಲ್ಲಿದೆ ಜಾಗ?

ಸಂಜೆ ಎಲ್ಲರೂ ಹೊರಟ ಮೇಲೆ ಮಾವ ಗಾಜು ನೋಡಿಕೊಂಡು ಹೋಗಲು ಬಂದರು. ಕೊಡೆಗಳ ಕಪಾಟಿನ ಮುಂದೆ ಚೆಲ್ಲಣ್ಣ ತಲೆ ತಗ್ಗಿಸಿ ಕೂತಿದ್ದ.

"ಏನ್ ಅಳಿಯಂದಿರೇ, ಕೈಗೆ ವಿಶ್ರಾಂತಿಯೋ?"

ಮೂರನೆಯ ‘ಅಳಿಯಂದಿರೇ’ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಮಾವ," ಎಂದ, "ಅದು ನನ್ನ ಕೈ ಅಲ್ಲ."

"ಮತ್ತೆ ಯಾರದು?"

"ಇದರದು." ಎದ್ದು ತನ್ನ ಮೇಜಿಗೆ ಹೋಗಿ ಪರದೆಯ ಮೇಲಿನ ಎಳ್ಳುಕಾಳನ್ನು ತೋರಿಸಿದ. ಚಹಾ, ಕರವಸ್ತ್ರ, ನೊಣ, ಹಂಸ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ನಾಳೆ ನಾನು ಬ್ರಷ್ ಮುಟ್ಟಿದ್ರೆ ಆ ಗೆರೆ ನಿಮ್ಮ ಅಂಗಿ ತೋಳಿಗೇ ಬರುತ್ತೆ ಮಾವ. ನೀವು ಮತ್ತೆ ನನ್ನ ಜೊತೆ ಮಾತಾಡ್ದೇ ಇದ್ರೂ ಪರವಾಗಿಲ್ಲ. ನಿಮ್ಮ ಬೋರ್ಡು ಕೆಡಬಾರದು."

ಮುದುಕರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಜೇಬಿನಿಂದ ಬಲಗೈ ತೆಗೆದು ಮೌಸಿನ ಮೇಲಿಟ್ಟರು. ಬ್ರಷ್ ಹಿಡಿದಂತೆ ಮೂರೇ ಬೆರಳಲ್ಲಿ ಹಿಡಿದರು.

"ಏನು ಮಾಡ್ಬೇಕು ಇದನ್ನ?"

"ಕೊಡೆ ಅಂತ ಇದೆಯಲ್ಲ, ಅಲ್ಲಿಗೆ..."

"ಕೊಡೆ ಯಾವನಿಗೆ ಬೇಕು. ನಾನು ಗೆರೆ ಎಳೀತೀನಿ." ಚೆಲ್ಲಣ್ಣ ರೆಕಾರ್ಡ್ ಒತ್ತಿದ; ಮುದುಕರು ಪರದೆಯ ಆ ತುದಿಯಿಂದ ಈ ತುದಿಗೆ ಬಾಣವನ್ನು ಒಯ್ದರು. ಬಾಣ ಚಳಿ ಹಿಡಿದವರಂತೆ ತರತರ ನಡುಗುತ್ತ ಹೋಯಿತು. ಮುದುಕರ ತುಟಿ ಬಿಗಿಯಿತು. ಚೆಲ್ಲಣ್ಣ ರೆಕಾರ್ಡ್ ನಿಲ್ಲಿಸಿ ತಿರುಗಿಸಿ ಹಾಕಿದ.

ಬಾಣ ಹೊರಟಿತು. ನಡುಕವಿಲ್ಲ. ಪರದೆಯ ಎಡದಿಂದ ಬಲಕ್ಕೆ, ನೀರಿನ ಮೇಲೆ ಎಣ್ಣೆ ಜಾರಿದಂತೆ, ಒಂದೇ ಉಸಿರಿನಲ್ಲಿ. ಕೊನೆಗೆ ಬಂದಾಗ ತುದಿಯನ್ನು ಒಂದು ಚೂರು ಮೇಲಕ್ಕೆತ್ತಿ ನಿಂತಿತು.

ಕೋಣೆಯಲ್ಲಿ ಕೊಡೆಗಳೂ ಉಸಿರು ಹಿಡಿದಂತಿತ್ತು.

"ಇನ್ನೊಂದ್ಸಲ," ಎಂದರು ಮುದುಕರು. ಆಮೇಲೆ, "ಇನ್ನೊಂದ್ಸಲ ಕಣಯ್ಯಾ." ಬೆರಳನ್ನು ಪರದೆಯ ಹತ್ತಿರ ಒಯ್ದು, ಮುಟ್ಟದೆ ನಿಲ್ಲಿಸಿದರು. "ಇದು ನನ್ನ ಕೈಯೇ. ನೋಡು, ಕೊನೇಲಿ ಒಂಚೂರು ಮೇಲೆತ್ತುತ್ತಲ್ಲ? ಅದು ನಂದೇ ಚಾಳಿ. ಕೆಲಸ ಕಲಿಸಿದೋರು ಅದಕ್ಕೆ ತಲೆಗೆ ಮೊಟಕ್ತಿದ್ರು. ಹೋಗಲೇ ಇಲ್ಲ. ಕೈ ಹೋಯ್ತು, ಚಾಳಿ ಹಾಗೇ ಇದೆ. ಇದಕ್ಕೆ ಹೇಗೆ ಗೊತ್ತಾಯ್ತೋ?"

"ನಡುಕ ಎಲ್ಲ ಸೋಸಿಬಿಡುತ್ತೆ ಅನ್ಸುತ್ತೆ ಮಾವ. ಕೈ ಎಲ್ಲಿಗೆ ಹೋಗ್ಬೇಕು ಅಂದ್ಕೊಂಡಿತ್ತೋ ಅಷ್ಟನ್ನ ಇಟ್ಕೊಳ್ಳುತ್ತೆ."

"ಮೋಸ ಅಲ್ವೇನೋ ಅದು?"

ಚೆಲ್ಲಣ್ಣ ಯೋಚಿಸಿದ. "ಗೊತ್ತಿಲ್ಲ ಮಾವ. ಡಿಪೋದೋರಿಗೆ ಕೊಡೆ ಎಲ್ಲಿದೆ ಅಂತ ಗೊತ್ತಾಯ್ತು."

ಮಾವ ತಪ್ಪೊಪ್ಪಿಕೊಳ್ಳುವವರಂತೆ ದನಿ ತಗ್ಗಿಸಿದರು. "ಬಣ್ಣದಂಗಡೀಲಿ ಒಂದು ಅಂಟಿನ ಟೇಪು ಸಿಗುತ್ತೆ. ಮೇಲೊಂದು ಕೆಳಗೊಂದು ಅಂಟಿಸಿ, ಮಧ್ಯೆ ಬಣ್ಣ ಬಳಿದು, ಹಸಿ ಇರುವಾಗಲೇ ಕಿತ್ತರೆ ಗೆರೆ ನಿಲ್ಲುತ್ತೆ. ಟೇಪು ಹಚ್ಚೋರನ್ನ ನಾನು ಜೀವಮಾನ ಎಲ್ಲ ಬೈದಿದ್ದೀನಿ. ಒಬ್ಬ ಶಿಷ್ಯ ಅದನ್ನ ಜೇಬಲ್ಲಿ ಇಟ್ಕೊಂಡಿದ್ದ ಅಂತ ಮನೆಯಿಂದಾನೇ ಓಡಿಸಿದ್ದೆ." ಎದ್ದು ನಿಂತು ಪರದೆಯನ್ನು ಇನ್ನೊಮ್ಮೆ ನೋಡಿದರು. "ಬೆಳಿಗ್ಗೆ ಬೇಗ ಬಾ ಅಳಿಯಾ. ಟೇಪು ನೀನೇ ತಾ. ನಾನು ಕೊಂಡರೆ ಅಂಗಡಿಯವನಿಗೆ ಎದೆ ನಿಂತುಹೋಗುತ್ತೆ."

‘ಅಳಿಯಂದಿರೇ’ ಹೋಗಿ ‘ಅಳಿಯಾ’ ಆಗಿದ್ದನ್ನು ಚೆಲ್ಲಣ್ಣ ಬಸ್ಸಿನಲ್ಲಿ ಮನೆಗೆ ಹೋಗುವಾಗ ಗಮನಿಸಿದ. ಗಮನಿಸಿ, ಇಳಿಯುವ ನಿಲ್ದಾಣ ದಾಟಿಹೋದ.

ಬೆಳಿಗ್ಗೆ ಕಸ ಗುಡಿಸುವವರೂ ಬಂದಿರಲಿಲ್ಲ. ಇಬ್ಬರೂ ಗಾಜಿನ ಮುಂದೆ ನಿಂತರು. ಚೆಲ್ಲಣ್ಣ ಟೇಪನ್ನು ಸೊಟ್ಟಗೆ ಅಂಟಿಸಿದ. ಮಾವ ಕಿತ್ತು, ಉದ್ದನೆಯ ಅಳತೆಪಟ್ಟಿ ಇಟ್ಟು ಅವನಿಂದಲೇ ಮತ್ತೆ ಅಂಟಿಸಿದರು. ಚಿನ್ನದ ಬಣ್ಣದ ಡಬ್ಬಿಯನ್ನು ಅವನು ಎರಡು ಮೊಣಕಾಲುಗಳ ಮಧ್ಯೆ ಇರುಕಿಕೊಂಡು ಕೂತ, ಚೆಲ್ಲಿದರೆ ತಾನೇ ಚೆಲ್ಲಿಹೋಗುವೆನೆಂಬಂತೆ. ಮಾವ ನಡುಗುವ ಕೈಯಲ್ಲಿ, ಎರಡು ಟೇಪಿನ ನಡುವೆ, ಹೆದರದೆ ಬಳಿದರು. ಬ್ರಷ್ಷು ಟೇಪಿನ ಮೇಲೆ ಹತ್ತಿತು, ಇಳಿಯಿತು, ಕುಣಿಯಿತು. ಕುಣಿಯಲಿ ಎಂದು ಬಿಟ್ಟರು. ಆಮೇಲೆ ಟೇಪಿನ ಒಂದೊಂದೇ ಪಟ್ಟಿಯನ್ನು ಮೆಲ್ಲನೆ ಎಳೆದು ಕಿತ್ತರು.

ಗೆರೆ ಇತ್ತು. ಅಕ್ಷರಗಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು, ಗಾಜಿನ ಈ ತುದಿಯಿಂದ ಆ ತುದಿಗೆ. ಮುದುಕರು ಉಸಿರು ಹಿಡಿದು, ಬ್ರಷ್ಷಿನ ತುದಿಯಿಂದ ಕೊನೆಯಲ್ಲಿ ಒಂದು ಚೂರನ್ನು ಮೇಲಕ್ಕೆತ್ತಿದರು. ಅಷ್ಟು ಮಾತ್ರ ಟೇಪಿಲ್ಲದೆ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಚಪ್ಪಲಿಗಳ ಸದ್ದಾಯಿತು. ಸುತ್ತೋಲೆಯ ಭಯಕ್ಕೆ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದಿದ್ದರು. "ಟೇಪು!" ಎಂದು ಮಾವ ಪಿಸುಗುಟ್ಟಿದರು. ಚೆಲ್ಲಣ್ಣ ಪಟ್ಟಿಗಳನ್ನು ಬಾಚಿ, ಗಡಿಬಿಡಿಯಲ್ಲಿ ಅಂಟಿನ ಮೈ ಹೊರಗಾಗುವಂತೆ ಮಡಿಸಿ, ಬಲ ಅಂಗೈಯಲ್ಲಿ ಒತ್ತಿಕೊಂಡ.

ಮೇಡಂ ಬಂದರು, ಹೆಡ್ ಕ್ಲರ್ಕ್ ಬಂದರು, ಟೈಪಿಸ್ಟಮ್ಮ, ಟೀಚರಮ್ಮ. ಗೆರೆಯನ್ನು ನೋಡಿದರು. ಯಾರೂ ಸೀನಲಿಲ್ಲ. ಸುತ್ತೋಲೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಆ ಕಚೇರಿಯಲ್ಲಿ ಅದೇ ಮೊದಲು.

"ಯಾರು ಎಳೆದದ್ದು?" ಎಂದರು ಮೇಡಂ, ಪಿಸುದನಿಯಲ್ಲಿ.

"ಅಳಿಯ," ಎಂದರು ಮಾವ.

"ಮಾವ," ಎಂದ ಚೆಲ್ಲಣ್ಣ.

ಈ ದೊಡ್ಡತನಕ್ಕೆ ಟೀಚರಮ್ಮನ ಕಣ್ಣಲ್ಲಿ ನೀರು ಬಂತು. ಮೇಡಂ ಮುಂದೆ ಬಂದು ಕೈ ಚಾಚಿದರು. ಚೆಲ್ಲಣ್ಣನ ಎಡಗೈಯಲ್ಲಿ ಬಣ್ಣದ ಡಬ್ಬಿ, ಬಿಟ್ಟರೆ ಗತಿಯಿಲ್ಲ. ಬೇರೆ ದಾರಿ ಕಾಣದೆ ಬಲಗೈ ಕೊಟ್ಟ.

ಮೇಡಂ ಕೈ ಕುಲುಕಿದರು. ಬಿಡಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ಕುಲುಕಿ ಎಳೆದರು. ಕೈ ಬರಲಿಲ್ಲ. ಮೇಡಂ ಕಣ್ಣರಳಿಸಿ ಅವನ ಮುಖ ನೋಡಿದರು.

"ಅಬ್ಬಬ್ಬಾ," ಎಂದರು ಹೆಡ್ ಕ್ಲರ್ಕ್ ಹಿಂದಿನಿಂದ. "ಆ ಹಿಡಿತ ನೋಡ್ರೀ!"

ಮಾವ ಕನ್ನಡಕ ತೆಗೆದು ಬಹಳ ಶ್ರದ್ಧೆಯಿಂದ ಒರೆಸತೊಡಗಿದರು. ಕೊನೆಗೆ ಚರ್ರೆಂದು ಸದ್ದಾಗಿ ಕೈ ಬಿಟ್ಟಿತು. ಪಟ್ಟಿ ಚೆಲ್ಲಣ್ಣನ ಕಡೆಯೇ ಉಳಿಯಿತು, ಅವನು ಅದನ್ನು ಮುಷ್ಟಿ ಮಾಡಿ ಜೇಬಿಗಿಳಿಸಿದ. ಮೇಡಂ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ, ಟೇಪಿನ ಅಂಚಿನ ಹಸಿಬಣ್ಣ ಮೆತ್ತಿ, ಒಂದು ಚಿನ್ನದ ಗೆರೆ ಮೂಡಿತ್ತು. ಅದೂ ನೆಟ್ಟಗೆ. ಮೇಡಂ ಆ ಅಂಗೈಯನ್ನು ಮೆಲ್ಲನೆ ಎತ್ತಿ, ಒಂದೊಂದು ಕಡೆಗೂ ತಿರುಗಿ, ಸಿಬ್ಬಂದಿಗೆಲ್ಲ ತೋರಿಸಿದರು. ಅಂದು ಮಧ್ಯಾಹ್ನ ಅವರು ಚಮಚದಲ್ಲಿ ಊಟ ಮಾಡಿದರೆಂದು, ಅದೂ ಎಡಗೈಯಲ್ಲಿ, ಟೈಪಿಸ್ಟಮ್ಮ ಇಂದಿಗೂ ಹೇಳುತ್ತಾರೆ.